ಕರಪತ್ರದಲ್ಲಿ ಕೊನೆಯ ಬಸ್ಸು ಎಲ್ಲಿದೆ?

ನಮಸ್ಕಾರ, ಕಲಬುರಗಿಯಿಂದ ಮಾತನಾಡುತ್ತಿದ್ದೇನೆ. ಫ್ಯಾನಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಮೇ ತಿಂಗಳು. ಫ್ಯಾನ್ ನಿಲ್ಲಿಸಿದರೆ ಧ್ವನಿ ಚೆನ್ನಾಗಿ ಬರುತ್ತದೆ, ಆದರೆ ಮಾತನಾಡಲು ನಾನು ಇರುವುದಿಲ್ಲ.

ಹೋದ ಸಂಚಿಕೆಯಲ್ಲಿ ಒಂದು ಸಣ್ಣ ಮಾತು ಹೇಳಿದ್ದೆ. ವಿಶ್ವವಿದ್ಯಾಲಯದ ಪ್ರವೇಶಾತಿ ವಿಭಾಗದವರು ಊರೂರಿಗೆ ಹೋಗಿ ಹಂಚುವ ಕರಪತ್ರದಲ್ಲಿ, ಕ್ಯಾಂಪಸ್ಸಿನಿಂದ ಕೊನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಅಚ್ಚು ಹಾಕಿಸಬೇಕು ಎಂದು. ಅದಕ್ಕೆ ಒಬ್ಬ ಮಹನೀಯರು ಬರೆದಿದ್ದಾರೆ: "ವಿಶ್ವವಿದ್ಯಾಲಯ ಇರುವುದು ಜ್ಞಾನ ಕೊಡುವುದಕ್ಕೆ. ಬಸ್ಸಿನ ವೇಳೆ ಹೇಳುವುದು ಸಾರಿಗೆ ಸಂಸ್ಥೆಯ ಕೆಲಸ." ಇದನ್ನು ಮೂವತ್ತೆಂಟು ಜನ ಮೆಚ್ಚಿದ್ದಾರೆ. ನನ್ನ ಸಂಚಿಕೆಯನ್ನೇ ಅಷ್ಟು ಜನ ಮೆಚ್ಚಿರಲಿಲ್ಲ.

ಸ್ವಾಮಿ, ನಿಮ್ಮ ಮನೆಯ ಲಗ್ನಪತ್ರಿಕೆ ತೆಗೆದು ನೋಡಿ. ಕಲ್ಯಾಣ ಮಂಟಪದ ಹೆಸರಿನ ಕೆಳಗೆ "ಬಸ್ ನಿಲ್ದಾಣದ ಹತ್ತಿರ" ಎಂದು ಇರುತ್ತದೆಯೋ ಇಲ್ಲವೋ? ತಾಳಿ ಕಟ್ಟಿಸುವವರಿಗೆ ದಾರಿ ಹೇಳುವ ಕೆಲಸ ಯಾಕೆ ಬೇಕಿತ್ತು? ಕರೆದವರು ದಾರಿ ಹೇಳಲೇಬೇಕು.

ಈ ಹಟ ನನಗೆ ಹತ್ತಿದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ನಮ್ಮ ಕೃಷಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಪರಿಚಯದವರೊಬ್ಬರು ಇದ್ದಾರೆ, ಜೇವರ್ಗಿ ಕಡೆಯ ಹಳ್ಳಿಯವರು. ಏಪ್ರಿಲ್‌ನಲ್ಲಿ ಮಗಳು ದ್ವಿತೀಯ ಪಿಯು ಪಾಸಾದಳು. ಅವಳ ಕಾಲೇಜಿಗೆ ಬಿಳಿ ಕಾರಿನಲ್ಲಿ ಬಂದವರು ಎಂಟು ಪುಟದ ಕರಪತ್ರ ಕೊಟ್ಟು ಹೋಗಿದ್ದರು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಹೇಳುವುದಿಲ್ಲ. ಮೊದಲ ಪುಟದಲ್ಲಿ ದೊಡ್ಡವರ ಫೋಟೊ. ಎರಡನೆಯದರಲ್ಲಿ ಅವರಿಗಿಂತ ದೊಡ್ಡವರ ಫೋಟೊ. ಮೂರನೆಯದರಲ್ಲಿ ಹಸಿರು ಹುಲ್ಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ನಾಲ್ಕು ಮಕ್ಕಳು. ಆ ಮಕ್ಕಳೂ ನಮ್ಮ ಕಡೆಯವರಲ್ಲ, ಆ ಹುಲ್ಲೂ ನಮ್ಮ ಕಡೆಯದಲ್ಲ.

ನಮ್ಮ ಹಮಾಲರು ಅದನ್ನು ತೊಗರಿ ಚೀಲದ ಮೇಲೆ ಹರಡಿಕೊಂಡು ಕುಳಿತರು. ಅವರಿಗೆ ಅಕ್ಷರ ಅಷ್ಟಾಗಿ ಬರುವುದಿಲ್ಲ, ಅಂಕಿ ಚೆನ್ನಾಗಿ ಬರುತ್ತದೆ. ತೂಕದ ಚೀಟಿ ಓದಿ ಪಳಗಿದ ಕಣ್ಣು. ಬೆರಳಿಟ್ಟು ಅಂಕಿಗಳನ್ನಷ್ಟೇ ಹುಡುಕುತ್ತಾ ಹೋದರು. 100 ಸಿಕ್ಕಿತು, ಅದು ಉದ್ಯೋಗದ ಭರವಸೆಯ ಶೇಕಡಾವಾರು. 24 ಸಿಕ್ಕಿತು, ಅದು ವೈಫೈ. ಕೊನೆಯ ಪುಟದವರೆಗೂ ಹೋಗಿ ತಲೆ ಎತ್ತಿ ಕೇಳಿದರು: "ಸಾಹೇಬರೇ, ಇದರಲ್ಲಿ ಬಸ್ಸಿನದು ಯಾವುದು?"

ಬಸ್ಸಿನದು ಇರಲಿಲ್ಲ.

ಅಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಒಬ್ಬ ಹುಡುಗ ಬಹಳ ವಿನಯದಿಂದ, "ಯಾವುದರಲ್ಲಿ ಆಸಕ್ತಿ ಸರ್?" ಎಂದ. "ಬಸ್ಸಿನಲ್ಲಿ" ಎಂದೆ. "ಆ ಕೋರ್ಸ್ ನಮ್ಮಲ್ಲಿಲ್ಲ ಸರ್" ಎಂದ. ಅವನದು ತಪ್ಪಲ್ಲ. ಅವನ ಮುಂದಿಟ್ಟ ಹಾಳೆಯಲ್ಲಿ ಆ ಪ್ರಶ್ನೆಯೇ ಇರಲಿಕ್ಕಿಲ್ಲ.

ನಮ್ಮ ಭಾಗಕ್ಕೆ ಏನೂ ಬಂದಿಲ್ಲ ಎಂದು ಅಳುವವನು ನಾನಲ್ಲ. ಒಂದು ಕಾಲಕ್ಕೆ ಇಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಮಾತ್ರ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ರಸ್ತೆಯ ಕಡಗಂಚಿಯಲ್ಲಿ. 2023ರಲ್ಲಿ ಬೀದರಿಗೆ ಅದರದೇ ವಿಶ್ವವಿದ್ಯಾಲಯ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೇ ಮೀಸಲು, ರಾಜ್ಯದ ಉಳಿದ ಕಡೆ ನೂರಕ್ಕೆ 8. ಇಷ್ಟೆಲ್ಲ ಇದೆ. ಆದರೆ ಕಟ್ಟಡಕ್ಕೆ ನೂರಾರು ಎಕರೆ ಸಿಗುವುದು ಊರ ಹೊರಗೆ. ಸಂಜೆ ಆರರ ಮೇಲೆ ಆ ಗೇಟಿನ ಮುಂದೆ ಹುಡುಗಿಯೊಬ್ಬಳು ನಿಂತಿರುವುದನ್ನು ಅವಳ ಅಪ್ಪ ಹಳ್ಳಿಯಲ್ಲಿ ಕುಳಿತೇ ಕಣ್ಣ ಮುಂದೆ ತಂದುಕೊಳ್ಳುತ್ತಾನೆ. ಸಂವಿಧಾನ ಕೊಟ್ಟ ಸೀಟನ್ನು ಅವನು ಅಲ್ಲೇ ಬಿಟ್ಟುಬಿಡುತ್ತಾನೆ. ಅದಕ್ಕೇ ಹೇಳುತ್ತಿರುವುದು, ಕೊನೆಯ ಬಸ್ಸಿನ ಸಮಯ ಹಾಕಿ.

ನಡುವೆ ಒಂದು ಮಾತು. ನಮ್ಮ ಅತ್ತಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ಮಾರುತ್ತಾರೆ. ಅರ್ಧ ಕಿಲೋದಿಂದ ಮೇಲೆ ಎಷ್ಟು ಬೇಕಾದರೂ ಕಳುಹಿಸುತ್ತಾರೆ. ವಿಡಿಯೊದ ಕೆಳಗೆ ವಿವರ ಇದೆ. ಪೊಟ್ಟಣದ ಮೇಲೆ ಮಾಡಿದ ದಿನ, ತೂಕ, ಬೆಲೆ ಎಲ್ಲ ಬರೆದಿರುತ್ತಾರೆ. ಏಳನೆಯ ತರಗತಿ ಓದಿದ ನಮ್ಮ ಅತ್ತಿಗೆಗೆ ತಿಳಿದದ್ದು ಇಷ್ಟು ದೊಡ್ಡ ಕಚೇರಿಗೆ ತಿಳಿಯಬೇಡವೇ?

ಇನ್ನೊಬ್ಬರು ಕೇಳುತ್ತಾರೆ, 2023ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ? ಉಚಿತ, ಒಪ್ಪಿದೆ. ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡಲು ಕಂಡಕ್ಟರ್ ಬೇಕು, ಕಂಡಕ್ಟರ್ ಬರಲು ಬಸ್ಸು ಬೇಕು, ಬಸ್ಸು ಯಾವಾಗ ಬರುತ್ತದೆ ಎಂದು ಗೊತ್ತಿರಬೇಕು. ಹಾಸ್ಟೆಲ್ ಇದೆ ಎನ್ನುವವರೂ ಇದ್ದಾರೆ. ಪ್ರವೇಶವಾದ ಮೇಲೆ ಅರ್ಜಿ, ಅರ್ಜಿ ಹಾಕಿದ ಮೇಲೆ ಆಯ್ಕೆ ಪಟ್ಟಿ. ಪಟ್ಟಿ ಬರುವವರೆಗೆ ಹುಡುಗಿ ಮಲಗುವುದು ಎಲ್ಲಿ? ಆ ಬಿಳಿ ಕಾರಿನಲ್ಲಿಯೇ? ಮೊಬೈಲಿನಲ್ಲಿ ನೋಡಿಕೊಳ್ಳಲಿ ಎಂದವರಿಗೂ ಉತ್ತರ ಇದೆ. ಆ ಮನೆಯ ಮೊಬೈಲು ಅಣ್ಣನ ಜೇಬಿನಲ್ಲಿದೆ, ಅಣ್ಣ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ.

ನಾನು ಕೇಳುತ್ತಿರುವುದು ಬಸ್ಸನ್ನಲ್ಲ. ಒಂದು ಸಾಲು, ಒಂದು ಅಂಕಿ. ದೊಡ್ಡವರ ಫೋಟೊ ಒಂದು ಬೆರಳಿನಷ್ಟು ಕಿರಿದು ಮಾಡಿದರೆ ಜಾಗ ತಾನಾಗಿ ಬರುತ್ತದೆ. ಹಾಗೆ ಹಾಕಲು ನಾಚಿಕೆಯಾಗುತ್ತದೆ ಎಂದಾದರೆ, ಕೊನೆಯ ಬಸ್ಸು ನಾಲ್ಕೂವರೆಗೇ ಹೋಗಿಬಿಡುತ್ತದೆ ಎಂದು ಜನರಿಗೆ ಗೊತ್ತಾಗಿಬಿಡುತ್ತದೆ ಎಂದಾದರೆ, ಗೊತ್ತಾಗಲಿ! ಆಗ ಕುಲಸಚಿವರು ಡಿಪೊ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯುತ್ತಾರೆ. ಬರೆಯದಿದ್ದರೆ ನಾನು ಬರೆಯುತ್ತೇನೆ. ನನ್ನ ಅಕ್ಷರ ಚೆನ್ನಾಗಿದೆ.

ಆ ಕರಪತ್ರ ಏನಾಯಿತು ಗೊತ್ತೇ? ಹುಡುಗಿಯ ತಾಯಿ ಅದನ್ನು ರೊಟ್ಟಿ ಬುಟ್ಟಿಗೆ ಹಾಸಿ ನೋಡಿದರು. ನುಣುಪು ಕಾಗದ, ರೊಟ್ಟಿಯ ಬೆವರು ಹೀರಲಿಲ್ಲ, ತೆಗೆದು ಬಿಸಾಡಿದರು. ಅದಕ್ಕೂ ಬರಲಿಲ್ಲ ನಿಮ್ಮ ಎಂಟು ಪುಟ! ಅಪ್ಪನನ್ನು ಕೇಳಿದರೆ "ನೋಡೋಣ" ಎನ್ನುತ್ತಾರೆ. ನಮ್ಮ ಕಡೆ "ನೋಡೋಣ" ಎಂದರೆ ಏನು ಎಂದು ನಿಮಗೆ ಗೊತ್ತು.

ಹಾಕಿ ಎಂದರೆ ಹಾಕಿ. ಯಾಕೆ ಎಂದು ಇನ್ನೊಮ್ಮೆ ಕೇಳಬೇಡಿ, ನನ್ನ ರಕ್ತದೊತ್ತಡದ ಮಾತ್ರೆ ಮುಗಿದಿದೆ. ಆ ಮೂವತ್ತೆಂಟು ಜನರೂ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೈಯುವುದಕ್ಕಾದರೂ ಬನ್ನಿ. ಮುಂದಿನ ಸಂಚಿಕೆಯನ್ನು ಬಸ್ ನಿಲ್ದಾಣದಲ್ಲಿ "ವಿಚಾರಣೆ" ಎಂದು ಬರೆದ ಕಿಟಕಿಯ ಮುಂದೆ ನಿಂತು ಮಾಡುತ್ತೇನೆ. ಕಿಟಕಿ ತೆರೆದಿದ್ದರೆ.