ಬಣ್ಣ ಒಂದೇ ಆದರೆ ಸಾಕಾ?

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಆನ್ ಮಾಡಿದರೆ ಕಾಣುವ ಮೆನು, ಬಟನ್, ಫೋಲ್ಡರ್ ಚಿತ್ರ, ವಿಂಡೋ ಅಂಚು, ಇವಕ್ಕೆಲ್ಲ ಒಂದೇ ಸಲ ಹೊಸ ಬಣ್ಣ, ಹೊಸ ಆಕಾರ ಕೊಡುವುದನ್ನು ಥೀಮ್ ಹಾಕೋದು ಅಂತೀವಿ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್ ಬಳಸುವವರಿಗೆ ಈ ಹುಚ್ಚು ಸ್ವಲ್ಪ ಜಾಸ್ತಿ. ನನಗೂ ಇದೆ. ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ಥರ ಇರಬೇಕು ಅನ್ನುವ ಆಸೆ ಲಿನಕ್ಸ್ ಡೆಸ್ಕ್‌ಟಾಪ್ ಹುಟ್ಟುವುದಕ್ಕೇ ಒಂದು ಕಾರಣ. ಆ ಆಸೆ ಎಲ್ಲಿ ಎಡವಿತು ಅನ್ನೋದನ್ನ ಇವತ್ತು ನೋಡೋಣ.

ತೊಂಬತ್ತರ ದಶಕದಲ್ಲಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಬಳಸಿದವರಿಗೆ, ಆಜ್ಞೆ ಟೈಪ್ ಮಾಡುವ ಎಕ್ಸ್‌ಟರ್ಮ್ ಅನ್ನುವ ವಿಂಡೋ ನೆನಪಿರುತ್ತದೆ. ಅದರ ಸ್ಕ್ರೋಲ್ ಪಟ್ಟಿ ಎಡಗಡೆ. ಅದರ ಮೇಲೆ ಮೌಸಿನ ಎಡ ಗುಂಡಿ ಒತ್ತಿದರೆ ಮುಂದಕ್ಕೆ, ಬಲ ಗುಂಡಿ ಒತ್ತಿದರೆ ಹಿಂದಕ್ಕೆ, ಎಳೆಯಬೇಕಾದರೆ ನಡುವಿನ ಗುಂಡಿ. ಪಕ್ಕದಲ್ಲೇ ಬಟನ್, ಮೆನು ಸಿದ್ಧಮಾಡಿ ಕೊಡುವ ಮೋಟಿಫ್ ಬಳಸಿ ಬರೆದ ಇನ್ನೊಂದು ಪ್ರೋಗ್ರಾಮ್ ತೆರೆದರೆ ಪಟ್ಟಿ ಬಲಗಡೆ, ತುದಿಯಲ್ಲಿ ಬಾಣದ ಗುರುತು, ಎಡ ಗುಂಡಿಯಲ್ಲೇ ಎಳೆಯಬೇಕು. ಒಂದೇ ಕಂಪ್ಯೂಟರ್, ಒಂದೇ ಮೌಸ್, ಆದರೆ ವಿಂಡೋ ಬದಲಾದಾಗಲೆಲ್ಲ ಕೈ ಹೊಸದಾಗಿ ಕಲಿಯಬೇಕಿತ್ತು.

1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಶುರು ಮಾಡೋಣ ಅಂತ ಕರೆ ಕೊಟ್ಟಾಗ ಅವರ ಒಂದು ದೊಡ್ಡ ದೂರು ಇದೇ ಆಗಿತ್ತು. ಆದರೆ ಕೆಡಿಇ ನಿಂತಿದ್ದ ಕ್ಯೂಟಿ ಲೈಬ್ರರಿಯ, ಅಂದರೆ ಬಟನ್, ಮೆನುಗಳ ಸಿದ್ಧ ಕೋಡಿನ, ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೇ 1997ರಲ್ಲಿ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೇನಾ ಸೇರಿ ಜಿಟಿಕೆ ಅನ್ನುವ ಬೇರೆ ಲೈಬ್ರರಿ ಮೇಲೆ ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಶುರು ಮಾಡಿದರು. ಎಲ್ಲ ಒಂದಾಗಲಿ ಅಂತ ಹೊರಟು ಎರಡು ಮನೆ ಆಯಿತು.

ಈ ಎರಡು ಮನೆಗೆ ಒಂದೇ ಬಣ್ಣ ಹೊಡೆಯಲು ಹೊರಟದ್ದು ಲಿನಕ್ಸ್ ಹಂಚುವ ಕಂಪನಿ ರೆಡ್ ಹ್ಯಾಟ್. 2002ರ ಸೆಪ್ಟೆಂಬರ್‌ನಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0ರಲ್ಲಿ ಬ್ಲೂಕರ್ವ್ ಅನ್ನುವ ಥೀಮ್ ಇತ್ತು. ಜಿಟಿಕೆಗೊಂದು, ಕ್ಯೂಟಿಗೊಂದು ಅಂತ ಎರಡು ಸಲ ಬರೆದು, ಎರಡಕ್ಕೂ ಒಂದೇ ಐಕಾನ್ ಕೊಟ್ಟು, ಗ್ನೋಮ್ ಯಾವುದು ಕೆಡಿಇ ಯಾವುದು ಅಂತ ತಟ್ಟನೆ ಗೊತ್ತಾಗದ ಹಾಗೆ ಮಾಡಿದರು. ಕೆಡಿಇ ಕಡೆಯವರಿಗೆ ಬೇಜಾರಾಯಿತು, ನಮ್ಮ ಗುರುತನ್ನೇ ಅಳಿಸಿದಿರಿ ಅಂತ. ಆದರೂ ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು.

ಈಗ ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ 2002ರಲ್ಲಿ ಬಂದ ಗ್ನೋಮ್ 2ರಲ್ಲಿ, ಫೈಲ್ ಉಳಿಸಬೇಕಾ ಅಂತ ಕೇಳುವ ಪುಟ್ಟ ಪೆಟ್ಟಿಗೆಯಲ್ಲಿ ಒಪ್ಪಿಗೆಯ ಬಟನ್ ಬಲತುದಿಯಲ್ಲಿ, ರದ್ದು ಮಾಡುವ ಬಟನ್ ಅದರ ಎಡಕ್ಕೆ. ಕೆಡಿಇ ರೂಢಿಯೋ ವಿಂಡೋಸ್ ಥರ, ಮೊದಲು ಒಪ್ಪಿಗೆ, ಆಮೇಲೆ ಬಲತುದಿಯಲ್ಲಿ ರದ್ದು. ಥೀಮ್ ಬಟನ್‌ಗೆ ಬಣ್ಣ ಕೊಡುತ್ತದೆ, ನೆರಳು ಕೊಡುತ್ತದೆ, ಬಟನ್‌ಗಳ ಸಾಲನ್ನು ಮಾತ್ರ ತಿರುಗಿಸುವುದಿಲ್ಲ. ಎರಡೂ ಬೇರೆ ಬೇರೆಯಾಗಿ ಕಂಡರೆ ಕಣ್ಣು ಎಚ್ಚರವಾಗಿರುತ್ತದೆ. ಒಂದೇ ಥರ ಕಂಡರೆ ಕೈ ನಂಬಿಬಿಡುತ್ತದೆ, ನಂಬಿ ಬಲತುದಿಯ ಬಟನ್ ಒತ್ತುತ್ತದೆ. ಕರೆಂಟ್ ಹೋದಾಗ ಬೆಂಕಿಪೊಟ್ಟಣ ಎಲ್ಲಿದೆ ಅಂತ ಕೈಗೆ ಗೊತ್ತಿರುತ್ತದಲ್ಲ, ಬಟನ್ ಒತ್ತುವುದೂ ಹಾಗೇನೇ. ಗೋಡೆಯ ಬಣ್ಣ ಆಗ ಉಪಯೋಗಕ್ಕೆ ಬರೋದಿಲ್ಲ.

ಇದಕ್ಕೆ ಸರಿಯಾದ ಮದ್ದು ಥೀಮ್ ಮಾಡುವವರಿಂದ ಬರಲಿಲ್ಲ. 2006ರ ಕ್ಯೂಟಿ 4.2ರಲ್ಲಿ ಹೊಸ ಸೌಲಭ್ಯ ಒಂದು ಬಂತು. ಪ್ರೋಗ್ರಾಮ್ ಬರೆಯುವವರು ಇದು ಒಪ್ಪಿಗೆ, ಇದು ರದ್ದು ಅಂತ ಹೇಳಿದರೆ ಸಾಕು, ಯಾವುದು ಎಡಕ್ಕೆ ಯಾವುದು ಬಲಕ್ಕೆ ಅನ್ನೋದನ್ನ ಅದು ಓಡುತ್ತಿರುವ ಡೆಸ್ಕ್‌ಟಾಪ್ ನೋಡಿ ತೀರ್ಮಾನಿಸುತ್ತದೆ. ವಿಂಡೋಸ್, ಮ್ಯಾಕ್, ಕೆಡಿಇ, ಗ್ನೋಮ್, ಒಂದೊಂದಕ್ಕೆ ಒಂದೊಂದು ಸಾಲು. ಇಂಥ ಕೆಲಸದ ಸ್ಕ್ರೀನ್‌ಶಾಟ್ ಯಾರೂ ಹಂಚಿಕೊಳ್ಳುವುದಿಲ್ಲ. ಆದರೆ ಹತ್ತಾರು ಥೀಮ್‌ಗಿಂತ ಇದು ದೊಡ್ಡದು ಅಂತ ನನ್ನ ನಂಬಿಕೆ.

ದುಡ್ಡಿರುವ ಕಂಪನಿಗಳೂ ಇಲ್ಲಿ ತಡವರಿಸಿವೆ. ಆಪಲ್ 2003ರಲ್ಲಿ ಮ್ಯಾಕ್‌ನಲ್ಲಿ ಫೈಲ್ ತೋರಿಸುವ ತನ್ನ ಫೈಂಡರ್‌ಗೆ ಉಜ್ಜಿದ ಲೋಹದ ವೇಷ ಹಾಕಿತು, ಪಕ್ಕದ ವಿಂಡೋಗಳು ಬಿಳಿ ಪಟ್ಟೆಯಲ್ಲೇ ಇದ್ದವು. 2007ರ ಮ್ಯಾಕ್ ಆವೃತ್ತಿ ಲೆಪರ್ಡ್‌ನಲ್ಲಿ ಆ ಲೋಹ ಹೋಗಿ ಒಂದೇ ಬೂದು ಬಣ್ಣ ಬಂತು. ವಿಂಡೋಸ್ 8ರಲ್ಲಿ, ಅಂದರೆ 2012ರಲ್ಲಿ, ಹೊಸ ಸೆಟ್ಟಿಂಗ್ಸ್ ಬಂದರೂ ಹಳೆಯ ಕಂಟ್ರೋಲ್ ಪ್ಯಾನೆಲ್ ಹೋಗಲಿಲ್ಲ, 2021ರ ವಿಂಡೋಸ್ 11ರಲ್ಲೂ ಎರಡೂ ಇದ್ದವು.

ಮತ್ತೆ ಲಿನಕ್ಸ್‌ಗೆ ಬರೋಣ. 2019ರಲ್ಲಿ ಗ್ನೋಮ್ ಸುತ್ತಲಿನ ಕೆಲವು ಅಪ್ಲಿಕೇಶನ್ ಲೇಖಕರು ಬಹಿರಂಗ ಪತ್ರ ಬರೆದರು. ನಮ್ಮ ಪ್ರೋಗ್ರಾಮ್ ಪರೀಕ್ಷಿಸಿ ಕೊಟ್ಟಿರುತ್ತೇವೆ, ದಯವಿಟ್ಟು ಹಂಚುವ ಹೊತ್ತಲ್ಲಿ ಅದಕ್ಕೆ ನಿಮ್ಮ ಥೀಮ್ ಹಾಕಬೇಡಿ ಅಂತ ಡಿಸ್ಟ್ರೋಗಳಿಗೆ, ಅಂದರೆ ಲಿನಕ್ಸನ್ನು ಕಟ್ಟಿ ಹಂಚುವವರಿಗೆ, ಮನವಿ. ಥೀಮ್ ಹಿನ್ನೆಲೆಯನ್ನು ಕಪ್ಪು ಮಾಡಿ, ಪ್ರೋಗ್ರಾಮ್ ತನ್ನ ಅಕ್ಷರವನ್ನೂ ಕಪ್ಪಾಗಿಯೇ ಇಟ್ಟಿದ್ದರೆ ಏನು ಕಾಣುತ್ತದೆ ಹೇಳಿ? ಬೈಗುಳ ಬರುವುದು ಮಾತ್ರ ಪ್ರೋಗ್ರಾಮ್ ಬರೆದವರಿಗೆ. 2022ರ ಮಾರ್ಚ್‌ನಲ್ಲಿ ಗ್ನೋಮ್ 42 ಬಂದಾಗ ಲಿಬ್‌ಅಡ್ವೈಟಾ ಅನ್ನುವ ಲೈಬ್ರರಿಯೂ ಬಳಕೆಗೆ ಬಂತು. ಅದನ್ನು ಬಳಸುವ ಪ್ರೋಗ್ರಾಮ್‌ಗಳು ಮಾಮೂಲಿ ಥೀಮ್‌ಗೆ ಬಗ್ಗುವುದಿಲ್ಲ. ಬಹಳ ಜನ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಯಾಕೆಂದರೆ ಕಣ್ಣು ಮಂಜಾದವರಿಗೆ ದಪ್ಪ ಅಂಚು, ಗಾಢ ಅಕ್ಷರ ಅನ್ನೋದು ಶೋಕಿ ಅಲ್ಲ, ಅದಿಲ್ಲದೆ ಕೆಲಸವೇ ನಡೆಯೋದಿಲ್ಲ.

ನನಗೆ ಭರವಸೆ ಕೊಟ್ಟದ್ದು ಅದೇ ಹೊತ್ತಿಗೆ ನಡೆದ ಇನ್ನೊಂದು ಸಣ್ಣ ಒಪ್ಪಂದ. ಡಾರ್ಕ್ ಬೇಕಾ, ಲೈಟ್ ಬೇಕಾ, ಯಾವುದಾದರೂ ಸರಿಯಾ ಅಂತ ಬಳಕೆದಾರರು ಒಂದು ಕಡೆ ಹೇಳಿದರೆ, ಡೆಸ್ಕ್‌ಟಾಪ್‌ಗಳಿಗೆ ಸಮಾನ ನಿಯಮ ರೂಪಿಸುವ ಫ್ರೀಡೆಸ್ಕ್‌ಟಾಪ್ ಮೂಲಕ ಆ ಒಂದು ಮಾತು ಎಲ್ಲ ಪ್ರೋಗ್ರಾಮ್‌ಗಳಿಗೂ ಸಿಗುತ್ತದೆ. ಗ್ನೋಮ್, ಕೆಡಿಇ, ಎಲಿಮೆಂಟರಿ ಅನ್ನುವ ಡಿಸ್ಟ್ರೋ, ಎಲ್ಲರೂ ಒಪ್ಪಿದರು. ಯಾರ ವೇಷವನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಪ್ರೋಗ್ರಾಮ್ ತನ್ನ ಥರವೇ ಕಾಣುತ್ತದೆ, ನಮ್ಮ ಮಾತೂ ಕೇಳುತ್ತದೆ. ಅಕ್ಷರದ ಗಾತ್ರ, ಹೆಚ್ಚು ಕಾಂಟ್ರಾಸ್ಟ್, ಅಲುಗಾಟ ಬೇಡ ಅನ್ನುವ ಆಯ್ಕೆ, ಇವೆಲ್ಲ ಹೀಗೆಯೇ ಎಲ್ಲ ಪ್ರೋಗ್ರಾಮ್‌ಗೂ ಮುಟ್ಟಬೇಕು. ಒಂದೇ ಥರ ಇರುವುದು ಅಂದರೆ ನನ್ನ ಲೆಕ್ಕದಲ್ಲಿ ಇದು.

ಕನ್ನಡದಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಇನ್ನೊಂದು ಕಷ್ಟ ಗೊತ್ತೇ ಇರುತ್ತದೆ. ಇಂಗ್ಲಿಷ್ ಅಕ್ಷರದ ಅಳತೆ ನೋಡಿ ಬಟನ್ ಎತ್ತರವನ್ನು ಇಷ್ಟೇ ಪಿಕ್ಸೆಲ್ ಅಂತ ಗಟ್ಟಿಯಾಗಿ ನಿಲ್ಲಿಸಿಬಿಟ್ಟರೆ ನಮ್ಮ ಒತ್ತಕ್ಷರ ಅಂಚಿನಡಿ ಕತ್ತರಿಸಿ ಹೋಗುತ್ತದೆ. ಮುಚ್ಚು ಅನ್ನೋದು ಮುಚು ಆಗುತ್ತದೆ. ಮುದ್ರಿಸು ಅನ್ನುವಲ್ಲಿ ದಕಾರದ ಕೆಳಗಿನ ರಕಾರ ಅರ್ಧ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಇನ್ನೂ ಜಾಸ್ತಿ ಕತ್ತರಿಸುತ್ತದೆ. ಎತ್ತರವನ್ನು ಅಕ್ಷರಕ್ಕೆ ತಕ್ಕ ಹಾಗೆ ಬೆಳೆಯಲು ಬಿಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ನಮ್ಮ ಹುಡುಗ ಹುಡುಗಿಯರು ಈಗ ಒಳ್ಳೊಳ್ಳೆಯ ಥೀಮ್ ಮಾಡುತ್ತಿದ್ದಾರೆ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಬಿಡುಗಡೆಗೆ ಮುಂಚೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಶೇಕಡಾ 125ಕ್ಕೆ ಏರಿಸಿ, ಒಂದು ಗ್ನೋಮ್ ಪ್ರೋಗ್ರಾಮ್, ಒಂದು ಕೆಡಿಇ ಪ್ರೋಗ್ರಾಮ್ ತೆರೆದು, ಎರಡರಲ್ಲೂ ಉಳಿಸದ ಫೈಲನ್ನು ಮುಚ್ಚಲು ಹೋಗಿ. ಆಗ ಬರುವ ಪೆಟ್ಟಿಗೆಯಲ್ಲಿ ಒತ್ತಕ್ಷರ ಪೂರ್ತಿ ಕಾಣುತ್ತದಾ, ಬಟನ್ ಯಾವ ಸಾಲಿನಲ್ಲಿವೆ, ಮೌಸ್ ಇಲ್ಲದೆ ಟ್ಯಾಬ್ ಕೀಲಿ ಒತ್ತುತ್ತಾ ಹೋದರೆ ಈಗ ಯಾವ ಬಟನ್ ಮೇಲಿದ್ದೀವಿ ಅನ್ನೋದು ಕಣ್ಣಿಗೆ ಬೀಳುತ್ತದಾ, ಇಷ್ಟು ನೋಡಿಕೊಳ್ಳಿ. ಬಣ್ಣ ನಿಮ್ಮಿಷ್ಟ.

ನಮಸ್ಕಾರ.