ಪರದೆ ಬೇರೆ, ಹಾಳೆ ಬೇರೆ

ಕೇಳುಗರಿಗೆ ನಮಸ್ಕಾರ. ಕಮೊಡೋರ್ 64 ಎಂಬ ಹಳೆಯ ಮನೆ ಕಂಪ್ಯೂಟರಿನ ಪರದೆ ಸಾಲಿಗೆ 40 ಅಕ್ಷರ ಹಿಡಿಯುತ್ತದೆ. ಅದರಲ್ಲಿ 80 ಅಕ್ಷರ ತೋರಿಸುವುದು ಹೇಗೆ ಅನ್ನುವುದು ಇವತ್ತಿನ ಮಾತು. ಯಂತ್ರ ಎಲ್ಲಿಂದ ತರೋಣ ಅನ್ನಬೇಡಿ. ವೈಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಾಕಿಕೊಂಡರೆ ನಿಮ್ಮ ಲ್ಯಾಪ್‌ಟಾಪೇ ಕಮೊಡೋರ್.

1982ರಲ್ಲಿ ಬಂದ ಈ ಯಂತ್ರವನ್ನು ಮನೆಯ ಟೀವಿಗೇ ಜೋಡಿಸಬಹುದಿತ್ತು. ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 200. ಅಕ್ಷರಕ್ಕೆ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಹಾಗಾಗಿ 40 ಕಾಲಂ, 25 ಸಾಲು, ಒಟ್ಟು ಸಾವಿರ ಅಕ್ಷರ. ಪ್ರಿಂಟರಿನ ಸಾಲೋ 80 ಅಕ್ಷರದ್ದು. ಪತ್ರ ಟೈಪು ಮಾಡುವವರ ಪಾಡು ಏನಾಗಿರಬೇಕು!

ಉಪಾಯದ ಬುಡ ಒಂದೇ ಮಾತು, ಬರೆದಿಟ್ಟುಕೊಳ್ಳಿ: ಪರದೆ ಬೇರೆ, ಹಾಳೆ ಬೇರೆ. ಹಾಳೆ ಇರುವುದು ಮೆಮೊರಿಯಲ್ಲಿ. ಪರದೆ ಅದರ ಮೇಲೆ ಸರಿದಾಡುವ ಕಿಟಕಿ. ಇದು ತಲೆಗೆ ಹೋಗದೆ ಪ್ರೋಗ್ರಾಂ ಬರೆಯಲು ಕೂತವರೇ ಆಮೇಲೆ ಯಂತ್ರವನ್ನು ಬೈಯುವುದು.

80 ಕಾಲಂ, 50 ಸಾಲಿನ ಹಾಳೆ ಮಾಡೋಣ. ಅಕ್ಷರಕ್ಕೊಂದು ಬೈಟ್, ಅಂದರೆ ಮೆಮೊರಿಯ ಒಂದು ಖಾನೆ, ಹಾಗಾಗಿ 4000 ಬೈಟ್ ಬೇಕು. ಪ್ರತಿ ಖಾನೆಗೂ ಒಂದು ನಂಬರು, ಅದೇ ಅದರ ವಿಳಾಸ. 49152ರಿಂದ 53247ರವರೆಗೆ 4096 ಬೈಟ್ ಖಾಲಿ ಬಿದ್ದಿದೆ, ಯಂತ್ರದೊಳಗೇ ಇರುವ ಪ್ರೋಗ್ರಾಂ ಭಾಷೆ ಬೇಸಿಕ್ ಅದರ ತಂಟೆಗೆ ಬರುವುದಿಲ್ಲ. ಹೇಳಿ ಮಾಡಿಸಿದ ಜಾಗ. ಪರದೆಯ ಮೆಮೊರಿ 1024ರಿಂದ ಶುರು. ಹಾಳೆಯಿಂದ 40 ಬೈಟ್ ಎತ್ತಿ ಪರದೆಗೆ ಇಡಿ. ಆಮೇಲೆ ಪರದೆಯಲ್ಲಿ 40 ಮುಂದೆ ಹೋಗಿ, ಹಾಳೆಯಲ್ಲಿ 80 ಮುಂದೆ ಹೋಗಿ. ಹೀಗೆ 25 ಸಲ. ಹಾಳೆಯಲ್ಲೂ 40ನ್ನೇ ಕೂಡಿಸಿದಿರೋ, ಸಾಲಿನ ಬಲ ಅರ್ಧ ಎಡ ಅರ್ಧದ ಕೆಳಗೆ ಬಂದು ಕೂರುತ್ತದೆ. ಹಾಗೆ ಕಂಡರೆ ತಪ್ಪು ಎಲ್ಲಿದೆ ಅಂತ ಹುಡುಕಾಡಬೇಡಿ, ಇದೇ.

ಸಾಲಿನ ಸಂಖ್ಯೆಯನ್ನು 80ರಿಂದ ಗುಣಿಸಿ ವಿಳಾಸ ಹುಡುಕೋಣ ಅಂದರೆ, ಇದರ ಪ್ರೊಸೆಸರಿಗೆ ಗುಣಾಕಾರ ಬರುವುದಿಲ್ಲ. 50 ಸಾಲುಗಳ ಆರಂಭದ ವಿಳಾಸಗಳನ್ನು ಮೊದಲೇ ಪಟ್ಟಿ ಮಾಡಿಡಿ, ನೂರು ಬೈಟಿನಲ್ಲಿ ಮುಗಿಯಿತು. ಸೊನ್ನೆಯಿಂದ ಎಣಿಸಿದರೆ, ಕಿಟಕಿಯ ಎಡ ಅಂಚು 40ನೇ ಕಾಲಂ, ಮೇಲಂಚು 25ನೇ ಸಾಲು ದಾಟದಂತೆ ತಡೆ ಹಾಕಿ. ಬಲಕ್ಕೆ ದಾಟಿದರೆ ಮುಂದಿನ ಸಾಲಿನ ತಲೆ ಈಚೆ ಇಣುಕುತ್ತದೆ. ಕೆಳಕ್ಕೆ ತೀರಾ ಜಾರಿದರೆ 53248ರಲ್ಲಿರುವ ವೀಡಿಯೋ ಚಿಪ್ಪಿನ ರಿಜಿಸ್ಟರುಗಳೇ, ಅಂದರೆ ಅದನ್ನು ನಡೆಸುವ ಖಾನೆಗಳೇ, ಅಕ್ಷರವಾಗಿ ಬಂದು ಕುಣಿಯುತ್ತವೆ. ಇನ್ನೊಂದು: ಕೀಲಿಮಣೆ ಇಂಗ್ಲಿಷಿನ ‘ಎ’ಗೆ 65 ಅನ್ನುತ್ತದೆ, ಪರದೆಯ ಲೆಕ್ಕದಲ್ಲಿ ‘ಎ’ ಅಂದರೆ 1. 65ನ್ನೇ ಹಾಳೆಗೆ ಬರೆದರೆ ಇಸ್ಪೀಟೆಲೆಯ ಚಿಹ್ನೆ ಮೂಡುತ್ತದೆ. ನಕಲು ಮಾಡುವ ಕೆಲಸವನ್ನು ಬೇಸಿಕ್‌ಗೆ ಒಪ್ಪಿಸಬೇಡಿ, ಒಂದೊಂದು ಸಲಕ್ಕೂ ಹಲವು ಸೆಕೆಂಡು ತಿನ್ನುತ್ತದೆ. ಪ್ರೊಸೆಸರಿನದೇ ಭಾಷೆಯಾದ ಯಂತ್ರಭಾಷೆಯಲ್ಲಿ ಬೈಟಿಗೆ ಸುಮಾರು 14 ಸೈಕಲ್, ಅಂದರೆ ಪ್ರೊಸೆಸರಿನ ಗಡಿಯಾರದ 14 ಬಡಿತ. ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಸೈಕಲ್ ಓಡುವ ಯಂತ್ರದಲ್ಲಿ ಸಾವಿರ ಬೈಟ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಕಿಟಕಿ ಸರಿಸುವುದು ಬೇಡ, 80 ಅಕ್ಷರವೂ ಒಟ್ಟಿಗೆ ಕಾಣಬೇಕು ಅನ್ನುವವರು ಅಕ್ಷರವನ್ನೇ ನಾಲ್ಕು ಚುಕ್ಕಿಗೆ ಇಳಿಸಬೇಕು. ಪಕ್ಕದ ಅಕ್ಷರ ಅಂಟದಿರಲು ಒಂದು ಚುಕ್ಕಿ ಖಾಲಿ. ಉಳಿದದ್ದು ಮೂರು. ಇಲ್ಲೊಂದು ಸೊಗಸಿದೆ, ಚೌಕುಳಿ ಕಾಗದ ಇದ್ದರೆ ಎದುರಿಗಿಟ್ಟುಕೊಳ್ಳಿ. ಇಂಗ್ಲಿಷಿನ ದೊಡ್ಡ ‘ಎಂ’ಗೆ ಕಾಲು, ಸಂದು, ಕಾಲು, ಸಂದು, ಕಾಲು ಅಂತ ಐದು ಚುಕ್ಕಿ ಬೇಕು. ಇರುವುದು ಮೂರು. ಏನು ಮಾಡುವುದು? ಮೂರು ಚುಕ್ಕಿ ಅಗಲ, ಐದು ಚುಕ್ಕಿ ಎತ್ತರದ ಮನೆ ಬರೆಯಿರಿ. ಎಡಗಂಬ ಪೂರ್ತಿ ತುಂಬಿ, ಬಲಗಂಬ ಪೂರ್ತಿ ತುಂಬಿ. ನಡುವೆ ಮೇಲಿನಿಂದ ಮೂರನೆಯ ಮನೆಯಲ್ಲಿ ಒಂದು ಚುಕ್ಕಿ ಇಟ್ಟರೆ ಅದು ‘ಎಚ್’. ಅದರ ಮೇಲಿನ ಎರಡನೆಯ ಮನೆಯನ್ನೂ ತುಂಬಿ, ‘ಎಂ’ ಆಯಿತು. ಎರಡನೆಯದನ್ನು ಅಳಿಸಿ ನಾಲ್ಕನೆಯದನ್ನು ತುಂಬಿ, ‘ಡಬ್ಲ್ಯೂ’! ಎಚ್‌ಗೂ ಎಂ‌ಗೂ ಒಂದೇ ಒಂದು ಚುಕ್ಕಿಯ ವ್ಯತ್ಯಾಸ. ಬಿಡಿಯಾಗಿ ನೋಡಿದರೆ ಯಾವುದೂ ಚೆನ್ನಾಗಿಲ್ಲ, ಪದದೊಳಗೆ ಕೂತಾಗ ಕಣ್ಣು ತಕರಾರಿಲ್ಲದೆ ಓದಿಕೊಂಡು ಹೋಗುತ್ತದೆ. ಇದೇ ನಾಲ್ಕು ಚುಕ್ಕಿಯ ಲೆಕ್ಕದಲ್ಲಿ ಅಡ್ಡಕ್ಕೆ 256 ಚುಕ್ಕಿಯ ಸ್ಪೆಕ್ಟ್ರಮ್ ಎಂಬ ಇನ್ನೊಂದು ಮನೆ ಕಂಪ್ಯೂಟರಿನಲ್ಲಿ ಟಾಸ್‌ವರ್ಡ್ ಟೂ ಎಂಬ ಪತ್ರ ಬರೆಯುವ ತಂತ್ರಾಂಶ 64 ಕಾಲಂ ತೋರಿಸುತ್ತಿತ್ತು. ನಮ್ಮ ‘ಕ್ಷ್ಮ’ವನ್ನು ಮೂರು ಚುಕ್ಕಿಯಲ್ಲಿ ಬರೆಯುವ ಧೀರರು ಯಾರಾದರೂ ಇದ್ದರೆ ಮುಂದೆ ಬರಲಿ.

ಗಡಿಯಾರ ನೋಡಿ ಅಂತ ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಈ ಸಣ್ಣ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ನಾವೇ ಬರೆಯಬೇಕು. ಅದಕ್ಕೆ ಬೇಕಾದ ಚುಕ್ಕಿಚಿತ್ರದ ಮೋಡ್‌ಗೆ ಹೋಗಲು 53265ನೇ ವಿಳಾಸದಲ್ಲಿರುವುದಕ್ಕೆ 32 ಸೇರಿಸಿ, 53272ಕ್ಕೆ 8 ಸೇರಿಸಿ. ಸೇರಿಸಿ ಅಂದರೆ ಬೇಸಿಕ್‌ನ ‘ಆರ್’ (OR) ಎಂಬ ಪದ ಬಳಸಿ, ಕೂಡಬೇಡಿ. ಚಿತ್ರ 8192ರಿಂದ 8000 ಬೈಟ್. ಬೇಸಿಕ್ ಪ್ರೋಗ್ರಾಂ ಬೆಳೆದು ಅಲ್ಲಿಗೆ ಮುಟ್ಟಿದರೆ ಪರದೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಬೀಳುತ್ತವೆ. 1024ರ ಸಾವಿರ ಬೈಟ್ ಈಗ ಬಣ್ಣದ ಪಟ್ಟಿ. ಎಲ್ಲಕ್ಕೂ 16 ತುಂಬಿ, ಕಪ್ಪಿನ ಮೇಲೆ ಬಿಳಿ ಬರುತ್ತದೆ. ತುಂಬದಿದ್ದರೆ ಖಾಲಿ ಜಾಗಕ್ಕಿದ್ದ 32 ಕಪ್ಪಿನ ಮೇಲೆ ಕೆಂಪಾಗುತ್ತದೆ. ಒಂದು ಬೈಟಿನಲ್ಲಿ ಎರಡು ಅಕ್ಷರ ಇರುವುದರಿಂದ ಹೊಸದನ್ನು ಬರೆಯುವ ಮುಂಚೆ ಆ ಅರ್ಧವನ್ನು ಒರೆಸಿ, ಇಲ್ಲದಿದ್ದರೆ ಹಳೆಯದರ ಮೇಲೆ ಹೊಸದು ಹತ್ತಿ ಕೂರುತ್ತದೆ. ಆ ಇಬ್ಬರು ನೆರೆಯವರಿಗೆ ಬಣ್ಣವೂ ಒಂದೇ ಜೊತೆ, ಬೇರೆ ಕೊಡಲಾಗದು. ಸಾಲು ಮೇಲೆ ಸರಿಸಲು ಅಕ್ಷರದ ಪರದೆಯಲ್ಲಿ ಸಾಕಾಗುತ್ತಿದ್ದ 960ರ ಬದಲು 7680 ಬೈಟ್ ಹೊರಬೇಕು. ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತು, ಕಣ್ಣಿಗೆ ಕಾಣುವಷ್ಟು ನಿಧಾನ. ಬಣ್ಣದ ಟೀವಿಯಲ್ಲಿ ಒಂದೇ ಚುಕ್ಕಿಯ ಸಪೂರ ಕಂಬಗಳ ಅಂಚಿಗೆ ಬಣ್ಣ ಒಸರುತ್ತದೆ, ಕಪ್ಪು ಬಿಳುಪಿನದೇ ವಾಸಿ.

ಇಲ್ಲೂ ಮರೆಯಬೇಡಿ, ಪರದೆ ಬೇರೆ, ಹಾಳೆ ಬೇರೆ! ಚುಕ್ಕಿಗಳನ್ನು ನೋಡಿ ಅದು ಯಾವ ಅಕ್ಷರ ಅಂತ ಯಂತ್ರ ಹೇಳಲಾರದು. ಕರ್ಸರ್ ಸರಿದಾಗ ಅಡಿಯಲ್ಲಿದ್ದ ಅಕ್ಷರವನ್ನು ಮತ್ತೆ ಬರೆಯಬೇಕಲ್ಲ, ಅದಕ್ಕೆ 80ರ 25 ಸಾಲು, 2000 ಬೈಟಿನ ಹಾಳೆ ಪಕ್ಕದಲ್ಲಿ ಇರಲೇಬೇಕು. 1984ರ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ 80 ಕಾಲಂ ಹುಟ್ಟಿನಿಂದಲೇ ಇತ್ತು, ಆದರೆ ಅದರ ಸೊನ್ನೆ ಮೋಡ್ ಇದ್ದ 32 ಕೆಬಿಯಲ್ಲಿ 20 ಕೆಬಿ ಪರದೆಗೇ ನುಂಗುತ್ತಿತ್ತು. ಅದರ ಕಥೆ ಹೇಳಲು ಈಗ ಹೊತ್ತಿಲ್ಲ. ನಮಸ್ಕಾರ.