ಐನ್‌ಮನೆಯ ಮಾಡಿಗೆ ಯಾರು ಹೊಣೆ?

ಕೇಳುಗರಿಗೆಲ್ಲ ನಮಸ್ಕಾರ.

ದೇಶದ ಸಂಸ್ಕೃತಿ, ಪರಂಪರೆ ಅಂತ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಹಂಪಿ, ಬೇಲೂರು, ಹಳೇಬೀಡು. ಕೊಡಗಿನವರಾದರೆ ಮಡಿಕೇರಿ ಕೋಟೆ, ಓಂಕಾರೇಶ್ವರ ದೇವಸ್ಥಾನ, ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಅಂತ ಇನ್ನೊಂದಿಷ್ಟು ಹೆಸರು ಸೇರಿಸುತ್ತೇವೆ. ಅವೆಲ್ಲ ನಮ್ಮ ಹೆಮ್ಮೆಯೇ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಬೋರ್ಡು, ಟಿಕೆಟ್ಟು, ಕಾವಲುಗಾರ ಯಾವುದೂ ಇಲ್ಲದ ಪರಂಪರೆಯ ಬಗ್ಗೆ. ಕುಟುಂಬದ ಮೂಲ ಮನೆಯಾದ ನಮ್ಮ ಐನ್‌ಮನೆ, ದೇವರ ಹೆಸರಲ್ಲಿ ಉಳಿಸಿಕೊಂಡ ನಮ್ಮ ದೇವರಕಾಡು, ನಮ್ಮ ಹಾಡು.

ಸರ್ಕಾರದ ಕಾವಲು ಎಲ್ಲಿವರೆಗೆ ಇದೆ, ನೋಡೋಣ. 1958ರಲ್ಲಿ ಕೇಂದ್ರದಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ಬಂತು. 1961ರಲ್ಲಿ ನಮ್ಮ ರಾಜ್ಯವೂ ಅಂಥದ್ದೇ ಒಂದು ಕಾಯಿದೆ ಮಾಡಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ನಮ್ಮ ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ವನ್ಯಧಾಮಗಳೂ ಇವೆ. ಎಲ್ಲವೂ ಬೇಕಾದದ್ದೇ. ಆದರೆ ಈ ಯಾವ ಕಾಯಿದೆಯೂ ಒಂದು ಕುಟುಂಬದ ಐನ್‌ಮನೆಯ ಮಾಡು ಹತ್ತಿ ಒಡೆದ ಹಂಚು ಬದಲಿಸುವುದಿಲ್ಲ. ಆ ಕೆಲಸ ಆ ಮನೆಯವರದ್ದು. ಸಂವಿಧಾನದ 51ಎ ವಿಧಿ ಕೂಡ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಅಂತಲೇ ಹೇಳುತ್ತದೆ.

ಹೊರಗಿನಿಂದ ಕೇಳುತ್ತಿರುವವರಿಗೆ ಒಂದೆರಡು ಮಾತು. ಒಬ್ಬ ಮೂಲಪುರುಷನಿಂದ ಬೆಳೆದು ಬಂದ, ಒಂದೇ ಮನೆಹೆಸರಿನ ಕುಟುಂಬಕ್ಕೆ ಕೊಡವರಲ್ಲಿ ಒಕ್ಕ ಅನ್ನುತ್ತಾರೆ. ಆ ಮೂಲಪುರುಷ ಕಾರಣವ. ಒಕ್ಕದ ಮೂಲ ಮನೆಯೇ ಐನ್‌ಮನೆ. ಅರೆಭಾಷೆ ಮಾತಾಡುವ ಗೌಡರಲ್ಲೂ ಐನ್‌ಮನೆ ಇದೆ. ಎದುರಿಗೆ ಗದ್ದೆ ಬಯಲು. ಮೆಟ್ಟಿಲು ಹತ್ತಿದರೆ ಕಯ್ಯಾಲೆ, ಅಂದರೆ ಜಗಲಿ. ಅಲ್ಲಿ ಮರದ ಕಂಬಗಳ ನಡುವೆ ದಪ್ಪ ಹಲಗೆಯ ಐಮರ, ಹಿರಿಯರು ಕೂರುವ ಜಾಗ. ಒಳಗೆ ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುವ ದೀಪ ತೂಕ್ ಬೊಳ್ಚ. ಮನೆ ಹತ್ತಿರವೇ ಕಾರಣವರಿಗೆ ಪುಟ್ಟ ಗುಡಿ, ಕೈಮಡ. ಹಳೆಯ ಕೆಲವು ಮನೆಗಳಲ್ಲಿ ನಟ್ಟನಡುವೆ ಆಕಾಶ ಕಾಣುವ ಅಂಗಳವೂ ಇರುತ್ತದೆ.

ಇಂಥ ಮನೆ ಬೀಳುವುದು ಹೇಗೆ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಅದು ಒಂದೇ ದಿನಕ್ಕೆ ಬೀಳುವುದಿಲ್ಲ. ಮರದ ಕೊಂಬೆ ಬಿದ್ದೋ, ಮಂಗ ಹಾರಿಯೋ ಒಂದು ಹಂಚು ಒಡೆಯುತ್ತದೆ. ಮಳೆ ಶುರುವಾದರೆ ಆ ಸಂದಿಯಿಂದ ನೀರು ಹಂಚಿನ ಕೆಳಗಿನ ಮರದ ಪಟ್ಟಿಗೆ, ಅಂದರೆ ರೀಪಿಗೆ ಇಳಿಯುತ್ತದೆ. ರೀಪಿನಿಂದ ಅದನ್ನು ಹೊತ್ತ ಮರ ಪಕ್ಕಾಸಿಗೆ. ಪಕ್ಕಾಸು ಗೋಡೆ ಮೇಲೆ ಕೂರುವ ಕಡೆ ನೀರು ನಿಂತು ಮರ ಮೆತ್ತಗಾಗುತ್ತದೆ. ಅಲ್ಲಿಂದ ನೀರು ಮಣ್ಣಿನ ಗೋಡೆಗೆ ಇಳಿಯುತ್ತದೆ. ಭಾಗಮಂಡಲದ ಕಡೆ 200 ಇಂಚು ದಾಟಿ ಮಳೆ ಸುರಿಯುವ ವರ್ಷಗಳಿವೆ. ಅಂಥ ಮಳೆಯಲ್ಲಿ ನಾಲ್ಕೈದು ಹಂಚು ಸರಿದರೂ ಸಾಕು, ಎರಡು ಮೂರು ಮಳೆಗಾಲದಲ್ಲಿ ಒಂದು ಮೂಲೆ ಕುಸಿಯುತ್ತದೆ. ಮಳೆಗೆ ಮುಂಚೆ ಹಂಚು ಕೈಯಾಡಿಸಿದ್ದರೆ ಒಂದೆರಡು ದಿನದ ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಮೂಲೆ ಬಿದ್ದ ಮೇಲೆ ಲಕ್ಷಗಟ್ಟಲೆ ಲೆಕ್ಕ ಬರುತ್ತದೆ. ಆಗ ಒಕ್ಕದ ಕೂಟದಲ್ಲಿ ಯಾರೋ ಒಬ್ಬರು ಹೇಳುತ್ತಾರೆ, ಇದನ್ನು ಕೆಡವಿ ಆರ್‌ಸಿಸಿ ಹಾಕಿಬಿಡೋಣ ಅಂತ.

ಹೀಗೆ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಷ್ಟ ಅರ್ಥವಾಗುತ್ತದೆ. ಅಣ್ಣತಮ್ಮಂದಿರು ಪಾಲಾಗಿ ತೋಟದಲ್ಲಿ ಬೇರೆ ಬೇರೆ ಮನೆ ಕಟ್ಟಿಕೊಂಡಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಸೈನ್ಯದಲ್ಲಿ, ವಿದೇಶದಲ್ಲಿ. ಐನ್‌ಮನೆ ಎಲ್ಲರದ್ದು, ಹಾಗಾಗಿ ಖರ್ಚಿನ ಹೊತ್ತಿಗೆ ಯಾರದ್ದೂ ಅಲ್ಲ. ತಲೆಮಾರುಗಳಿಂದ ಬಂದ ಜಮ್ಮಾ ಆಸ್ತಿಯ ಪಹಣಿಯಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರು, ಅದರ ಹಿಂದೆ ಹತ್ತಾರು ಪಾಲುದಾರರು. ಒಬ್ಬರು ಹಣ ಹಾಕಿದರೆ ಇನ್ನೊಬ್ಬರಿಗೆ ಅನುಮಾನ. ಇದು ಎಷ್ಟೋ ಮನೆಗಳ ಕಥೆ, ಅಲ್ವಾ?

ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಡವಿ ಕಟ್ಟಿದ್ದು ಎಷ್ಟು ಚೆನ್ನಾಗಿದ್ದರೂ ಅದು ಹೊಸ ಮನೆ. ಆ ಕಂಬದಲ್ಲಿ ಕೈಯಿಂದ ಕೆತ್ತಿದ ಬಳ್ಳಿ, ತಲೆಮಾರುಗಳು ಕೂತು ನುಣುಪಾದ ಐಮರ, ಬಾಗಿಲ ಮೇಲಿನ ಕೆತ್ತನೆ, ಇವನ್ನು ಮತ್ತೆ ತರಲಾಗುವುದಿಲ್ಲ. ಟಾಯ್ಲೆಟ್ ಬೇಕು, ಕರೆಂಟು ಬೇಕು, ಗ್ಯಾಸ್ ಒಲೆ ಬೇಕು. ಖಂಡಿತ ಬೇಕು. ಮನೆ ಹಿಂದೆ ಬೇರೆಯಾಗಿ ಕಟ್ಟಿಕೊಳ್ಳಿ. ಹೋಂಸ್ಟೇ ಮಾಡಿ ಅದರ ದುಡ್ಡಲ್ಲೇ ಮಾಡು ಉಳಿಸುತ್ತೇವೆ ಅಂದರೆ ಅದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ನೆಲ್ಲಕ್ಕಿ ನಡುಬಾಡೆಯನ್ನು ಅತಿಥಿಗಳ ಮಂಚಕ್ಕೆ ಕೊಡಬೇಡಿ. ಅಷ್ಟು ಜಾಗ ಒಕ್ಕಕ್ಕೇ ಇರಲಿ.

ದುರಸ್ತಿ ಮಾಡುವವರೂ ಒಂದು ವಿಷಯ ಗಮನಿಸಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ. ಮಣ್ಣು ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಚಂದ. ಒಳಗೆ ಮಣ್ಣು ಪುಡಿಯಾಗಿ, ಒಂದು ದಿನ ಸಿಮೆಂಟ್ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇನ್ನೊಂದು, ಒಲೆ. ಹಿಂದೆ ದಿನಾ ಸೌದೆ ಒಲೆ ಉರಿಯುತ್ತಿತ್ತು. ಆ ಹೊಗೆ ಅಟ್ಟಕ್ಕೆ ಏರಿ ಮರವನ್ನು ಒಣಗಿಸುತ್ತಿತ್ತು, ಹುಳ ದೂರ ಇಡುತ್ತಿತ್ತು. ಬೀಗ ಹಾಕಿದ ಮನೆಗೆ ಗೆದ್ದಲು ಬೇಗ ಹತ್ತುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಸುಗ್ಗಿಯ ಹಬ್ಬ ಪುತ್ತರಿಗೆ, ಕಾರಣವರಿಗೆ ಎಡೆ ಇಡುವ ಕಾರಣಂಗ್ ಕೊಡ್‌ಪದಕ್ಕೆ ಮಾತ್ರ ಬಾಗಿಲು ತೆಗೆದರೆ ಸಾಲದು. ಆಗಾಗ ಯಾರಾದರೂ ಹೋಗಿ ಕಿಟಕಿ ತೆರೆಯಬೇಕು, ಒಲೆ ಹಚ್ಚಬೇಕು, ಒಂದು ರಾತ್ರಿ ಮಲಗಬೇಕು.

ಇನ್ನು ಆಚಾರಿಗಳ ವಿಷಯ. ಹಳೆಯ ಮರಗೆಲಸವನ್ನು ಬಿಚ್ಚಿ, ಕೆಟ್ಟ ತುಂಡನ್ನಷ್ಟೇ ಕತ್ತರಿಸಿ, ಹೊಸ ಮರ ಕೂಡಿಸಿ ಮತ್ತೆ ನಿಲ್ಲಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಕಂಬ ಪೂರ್ತಿ ಕೆಟ್ಟಿರುವುದು ಅಪರೂಪ. ಬುಡ ಮಾತ್ರ ಕೆಟ್ಟಿರುತ್ತದೆ. ಗೊತ್ತಿಲ್ಲದವರು ಇಡೀ ಕಂಬ ತೆಗೆಸುತ್ತಾರೆ. ಗೊತ್ತಿದ್ದವರು ಬುಡ ಬದಲಿಸುತ್ತಾರೆ. ನಿಮ್ಮ ಊರಲ್ಲಿ ಅಂಥ ಹಿರಿಯ ಆಚಾರಿ ಇದ್ದರೆ, ಅವರ ಜೊತೆ ಇಬ್ಬರು ಹುಡುಗರು ಕೆಲಸ ಕಲಿಯುವ ಹಾಗೆ ಮಾಡಿ, ಆ ಹುಡುಗರಿಗೆ ಸರಿಯಾದ ಕೂಲಿ ಕೊಡಿ. ಒಂದೇ ಒಕ್ಕಕ್ಕೆ ಇದು ಭಾರ. ನಾಲ್ಕು ಒಕ್ಕ ಸೇರಿದರೆ ವರ್ಷಪೂರ್ತಿ ಕೆಲಸ ಸಿಗುತ್ತದೆ. ವೇದಿಕೆಗೆ ಕರೆದು ಶಾಲು ಹೊದಿಸುವುದಕ್ಕಿಂತ ಇದು ಎಷ್ಟೋ ದೊಡ್ಡ ಮರ್ಯಾದೆ.

ದೇವರಕಾಡಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪ, ಭಗವತಿ, ಹೀಗೆ ಒಂದೊಂದು ಕಾಡಿಗೆ ಒಂದೊಂದು ದೇವರು. ಕೊಡಲಿ ಹಾಕಬಾರದು ಅನ್ನುವ ನಂಬಿಕೆಯೇ ಅದರ ಬೇಲಿ. ಆದರೂ 1905ರಲ್ಲಿ ಸುಮಾರು 15,500 ಎಕರೆ ಇದ್ದ ಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಅಂಚಿನಿಂದ ತೋಟ ಒಳಗೆ ಬಂತು, ಮನೆ ಬಂತು, ದಾರಿ ಬಂತು. ದೇವಸ್ಥಾನವನ್ನು ಜೀರ್ಣೋದ್ಧಾರ ಮಾಡಿ ಸುತ್ತಲಿನ ಮರ ತೆಗೆದು ಇಂಟರ್‌ಲಾಕ್ ಹಾಸುವುದು ನನಗೆ ತುಂಬಾ ನೋವು ಕೊಡುತ್ತದೆ. ಆ ದೇವರಿಗೆ ಕಾಡೇ ಗುಡಿ. ಊರಿನವರು ಒಮ್ಮೆ ಕೂತು ಹಳೆಯ ಸರ್ವೆ ನಕ್ಷೆ ತರಿಸಿಕೊಂಡು ಗಡಿ ಗುರುತಿಸಲಿ. ಅದು ಮೊದಲ ಕೆಲಸ.

ಈಗ ಹಾಡಿಗೆ ಬರುತ್ತೇನೆ. ಇದರ ಬಗ್ಗೆ ನನಗೆ ಜಾಸ್ತಿ ಆತಂಕ.

ನಾಡಿಕೇರಿಯಂಡ ಚಿಣ್ಣಪ್ಪ ಅಂತ ಒಬ್ಬರು ಇದ್ದರು. ಪೊಲೀಸ್ ಇಲಾಖೆಯಲ್ಲಿ ಕೆಲಸ. ಅವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಹಿರಿಯರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. 1924ರಲ್ಲಿ ಅದು ಪಟ್ಟೋಲೆ ಪಳಮೆ ಅನ್ನುವ ಪುಸ್ತಕವಾಗಿ ಬಂತು. ಮದುವೆ ಹಾಡು, ಹಬ್ಬದ ಹಾಡು, ಸಾವಿನ ಹಾಡು, ದೇವರ ಹಾಡು ಎಲ್ಲ ಅದರಲ್ಲಿದೆ. ಟೇಪ್ ರೆಕಾರ್ಡರ್ ಇಲ್ಲದ ಕಾಲ. ಒಬ್ಬ ಮನುಷ್ಯ ಪಟ್ಟು ಹಿಡಿದು ಮಾಡಿದ ಆ ಕೆಲಸದಿಂದ ನೂರು ವರ್ಷದ ಮೇಲೂ ನಮ್ಮ ಕೈಯಲ್ಲಿ ಆ ಸಾಲುಗಳಿವೆ. ಅದಕ್ಕೆ ನಾವು ಎಷ್ಟು ಋಣಿಯಾಗಿದ್ದರೂ ಕಡಿಮೆ.

ಆದರೆ ಪುಸ್ತಕದಲ್ಲಿ ಸಿಗದೆ ಉಳಿದದ್ದೂ ಇದೆ. ದುಡಿ ಬಾರಿಸುತ್ತ ಹಾಡುವ ದುಡಿ ಕೊಟ್ಟ್‌ಪಾಟ್ ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ನಾಲ್ಕು ಜನ ಎರಡು ಜೋಡಿಯಾಗಿ ಹಾಡುತ್ತಾರೆ. ಒಂದು ಜೋಡಿ ಸಾಲು ಎತ್ತಿದರೆ ಇನ್ನೊಂದು ಜೋಡಿ ಹಿಡಿದುಕೊಳ್ಳುತ್ತದೆ. ದುಡಿ ಪುಟ್ಟ ವಾದ್ಯ. ಎರಡು ಬಾಯಿ ಅಗಲ, ನಡು ಸಣ್ಣ. ನಡುವಿನ ಹಗ್ಗ ಬಿಗಿಯಾದರೆ ದನಿ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಹಾಡುವವರು ಆ ಮನೆಯ ಹೆಸರು, ಆ ಊರಿನ ಹೆಸರು, ಎದುರಿಗೆ ಇರುವ ಗಂಡು ಹೆಣ್ಣಿನ ಹೆಸರು ಸಾಲಿಗೆ ಸೇರಿಸುತ್ತ ಹೋಗುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎಳೆಯಬೇಕು, ಹೊಸ ಹೆಸರನ್ನು ತಾಳ ತಪ್ಪದ ಹಾಗೆ ಹೇಗೆ ಕೂರಿಸಬೇಕು, ಇದು ಪಕ್ಕದಲ್ಲಿ ಕೂತೇ ಕಲಿಯಬೇಕಾದ ವಿದ್ಯೆ. ಮದುವೆ ಮಂಟಪದಲ್ಲಿ ಸ್ಪೀಕರ್ ಜೋರಾದಾಗ ಈ ನಾಲ್ವರ ದನಿ ಯಾರಿಗೂ ಕೇಳುವುದಿಲ್ಲ. ಹಾಡು ಮುಗಿಯುವವರೆಗೆ ಸ್ಪೀಕರ್ ನಿಲ್ಲಿಸುವುದು ಅಷ್ಟು ಕಷ್ಟವೇ?

ಭಾಷೆಯ ಲೆಕ್ಕವೂ ಹೆದರಿಸುತ್ತದೆ. ಕೊಡವ ತಕ್ಕ್ ನಮ್ಮ ತಾಯಿನುಡಿ ಅಂತ 2001ರ ಜನಗಣತಿಯಲ್ಲಿ ಬರೆಸಿದವರು 1,66,187 ಜನ. 2011ರಲ್ಲಿ 1,13,857. ಯುನೆಸ್ಕೊ ಇದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಮಡಿಕೇರಿಯಲ್ಲಿ ಕೊಡವ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿಯೂ ಇದೆ. ಅವು ತಮ್ಮ ಕೆಲಸ ಮಾಡಲಿ. ಆದರೆ ಅಜ್ಜಿ ಮೊಮ್ಮಗಳ ಜೊತೆ ಮನೆ ಮಾತಿನಲ್ಲಿ ಮಾತಾಡುವುದನ್ನು ಯಾವ ಅಕಾಡೆಮಿ ಬಂದು ಮಾಡಿಕೊಡುತ್ತದೆ?

ಕೊಡಗಿನ ಪರಂಪರೆ ಅಂದರೆ ಬರೀ ಕೊಡವರದ್ದಲ್ಲ, ಗೌಡರದ್ದು ಮಾತ್ರವೂ ಅಲ್ಲ. ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ಆದಿವಾಸಿ ಯರವರ ಹಾಡು ಇದೆ. ಕುರುಬರ, ಕುಡಿಯರ ಹಾಡಿದೆ. ಬುಟ್ಟಿ ಹೆಣೆಯುವ, ನಮ್ಮ ಹಬ್ಬಕ್ಕೆ ‘ಕೊಟ್ಟು’ ಅನ್ನುವ ವಾದ್ಯ ಬಡಿಯುವ ಮೇದರ ತಾಳವಿದೆ. ಅವರು ಬಾರಿಸದೆ ನಮ್ಮ ಎಷ್ಟೋ ಹಬ್ಬ ನಡೆಯುವುದೇ ಇಲ್ಲ. ಆದರೆ ಬಾರಿಸುವವರ ಹೆಸರನ್ನು ನಾವು ಎಲ್ಲೂ ಬರೆದಿಡುವುದಿಲ್ಲ. ಬೈಗುಳದ ಹಾಡಿಗೆ ಕುಣಿಯುವ ದೇವರಪುರದ ಕುಂಡೆ ಹಬ್ಬಕ್ಕೆ ಕ್ಯಾಮೆರಾ ಹಿಡಿದು ಬರುವವರು ಬೈಗುಳದ ತುಣುಕು ತೆಗೆದುಕೊಂಡು ಹೋಗುತ್ತಾರೆ. ಅವರಲ್ಲಿ ಎಷ್ಟು ಜನ ಕುಣಿದವರ ಹತ್ತಿರ ಕೂತು ಈ ಹಬ್ಬ ಏನು, ಯಾಕೆ ಅಂತ ಕೇಳಿದ್ದಾರೆ?

ಈಗ ಎಲ್ಲರ ಜೇಬಿನಲ್ಲೂ ರೆಕಾರ್ಡ್ ಮಾಡುವ ಫೋನಿದೆ. ಚಿಣ್ಣಪ್ಪನವರಿಗೆ ಸಿಗದೇ ಇದ್ದದ್ದು ನಮಗೆ ಸಿಕ್ಕಿದೆ. ಅದನ್ನು ಸರಿಯಾಗಿ ಬಳಸೋಣ. ಮೊದಲು ಒಪ್ಪಿಗೆ ಕೇಳಿ. ಸಾವಿನ ಹಾಡನ್ನು ಸುಮ್ನೆ ಕೂತು ಹಾಡಿ ಅಂದರೆ ಹಿರಿಯರು ಒಪ್ಪದೆ ಇರಬಹುದು. ಒತ್ತಾಯ ಬೇಡ. ಕೆಲವು ದೈವದ ಹಾಡು ಹೊರಗೆ ಹೋಗಬಾರದು ಅಂದರೆ ಅದನ್ನೂ ಗೌರವಿಸಿ. ಫ್ಯಾನ್ ಆಫ್ ಮಾಡಿ, ಟಿವಿ ನಿಲ್ಲಿಸಿ. ಶುರುವಿನಲ್ಲೇ ಹಾಡುವವರ ಹೆಸರು, ಊರು, ದಿನಾಂಕ, ಈ ಹಾಡು ಯಾವ ಸಂದರ್ಭದ್ದು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಹೆಸರಿಲ್ಲದ ರೆಕಾರ್ಡಿಂಗ್ ಹತ್ತು ವರ್ಷದ ಮೇಲೆ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ. ಹಾಡು ಮುಗಿದ ಮೇಲೆ ಕಷ್ಟದ ಮಾತುಗಳ ಅರ್ಥ ಕೇಳಿ ಅದನ್ನೂ ತುಂಬಿಸಿಕೊಳ್ಳಿ. ಒಂದು ಪ್ರತಿ ಹಾಡಿದವರ ಮನೆಗೆ ಕೊಡಿ. ಒಂದು ನಿಮ್ಮ ಹತ್ತಿರ ಇರಲಿ. ಇನ್ನೊಂದು ಕೊಡಗಿನ ಹೊರಗೆ, ನೆಂಟರ ಮನೆಯಲ್ಲಾದರೂ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಗಳ ಜೊತೆ ಅದರೊಳಗಿದ್ದ ಕಾಗದ, ಫೋಟೋ ಎಲ್ಲ ಹೋದದ್ದನ್ನು ನಾವು ಕಂಡಿದ್ದೇವೆ.

ರೆಕಾರ್ಡ್ ಮಾಡಿದ್ದನ್ನು ಕಲಿಯುವವರೂ ಬೇಕು. ಬರುವ ಪುತ್ತರಿಗೆ ಗದ್ದೆಯಿಂದ ಕದಿರು ತಂದು ‘ಪೊಲಿ ಪೊಲಿ ದೇವಾ’ ಅಂತ ಕೂಗುವಾಗ ನಿಮ್ಮ ಮಕ್ಕಳೂ ಜೊತೆಗಿರಲಿ. ಅವರ ಕೈಗೆ ದುಡಿ ಕೊಡಿ. ತಾಳ ತಪ್ಪಿದರೆ ನಗಬೇಡಿ.

ನಿಮ್ಮ ಒಕ್ಕದಲ್ಲೋ, ಊರಲ್ಲೋ, ತೋಟದ ಲೈನಿನಲ್ಲೋ ಹಾಡು ಬಲ್ಲ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಈ ವಾರವೇ ಅವರಿಗೆ ಫೋನ್ ಮಾಡಿ, ಯಾವತ್ತು ಬರಲಿ ಅಂತ ಕೇಳಿ.

ನಮಸ್ಕಾರ.